ಓಟದ ಪುಸ್ತಕಗಳು, ಕೋಟೇಶ್ವರದ ನೀರು

ಓಡುವುದನ್ನು ನಾನು ಪುಸ್ತಕ ಓದಿ ಕಲಿತೆ. ಆ ಪುಸ್ತಕಗಳ ಮೇಲೆ ನನಗೆ ಈಗಲೂ ಸಿಟ್ಟಿದೆ. ಇಷ್ಟು ವರ್ಷ ಆರದೆ ಉಳಿದ ಸಿಟ್ಟು ನೆನಪನ್ನು ತನಗೆ ಬೇಕಾದ ಹಾಗೆ ತಿದ್ದಿಕೊಂಡಿರುತ್ತದೆ ಎಂಬುದು ಗೊತ್ತಿದ್ದರಿಂದ ಆ ವರ್ಷದ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ದಿನಚರಿಯನ್ನೂ ಪೂರ್ತಿ ನಂಬುವಂತಿಲ್ಲ. ಅದನ್ನು ಬರೆದವನೂ ನಾನೇ, ಬರೆದದ್ದೂ ಸಿಟ್ಟಿನಲ್ಲಿ.

ಮದರಾಸಿನಲ್ಲಿ ಬಿ.ಎ. ಮುಗಿಸಿ ಕೋಟದ ಮನೆಗೆ ಬಂದು ಕೂತಿದ್ದೆ. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಕೆಲಸ ಸಿಕ್ಕಿರಲಿಲ್ಲ. ಅಪ್ಪಯ್ಯ ದೇವಸ್ಥಾನದ ಪೂಜೆಯಲ್ಲಿದ್ದರು. ಇವತ್ತಲ್ಲ ನಾಳೆ ನಾನೂ ಅಲ್ಲಿಗೇ ಬಂದು ಸೇರುತ್ತೇನೆ ಎಂದು ನಂಬಿದ್ದರು. ಅಂಥ ದಿನಗಳಲ್ಲಿ ಕುಂದಾಪುರದ ಕ್ರೀಡಾ ಸಂಘದವರು ತೆಕ್ಕಟ್ಟೆಯಿಂದ ಕುಂದಾಪುರದವರೆಗೆ ಓಟದ ಪಂದ್ಯ ಇಡುತ್ತಾರೆಂದೂ ಮೊದಲು ಬಂದ ಇಬ್ಬರನ್ನು ಮಂಗಳೂರಿನ ಪಂದ್ಯಕ್ಕೆ ಕಳಿಸುತ್ತಾರೆಂದೂ ಸುದ್ದಿ ಬಂತು. ಜಾತಿ ಮತ ನೋಡುವುದಿಲ್ಲ, ಯಾರು ಬೇಕಾದರೂ ಓಡಬಹುದು ಎಂದು ಸಂಘದ ಕಾರ್ಯದರ್ಶಿಗಳು ಹೇಳಿದ್ದರು. ಅವರು ವಕೀಲರು, ಓದಿದವರು, ಖಾದಿ ಉಡುವವರು. ನಾನು ಹೆಸರು ಕೊಡಲು ಹೋದಾಗ ಖುಷಿಪಟ್ಟು, ಗಾಜಿನ ಬೀರುವಿನಿಂದ ಎರಡು ಇಂಗ್ಲಿಷ್ ಪುಸ್ತಕ ತೆಗೆದು ಕೊಟ್ಟರು. ಎರಡೂ ಓಟದ ಬಗ್ಗೆ. ಒಂದು ಓಟ ಕಲಿಸುವವನೊಬ್ಬ ಬರೆದದ್ದು, ಇನ್ನೊಂದು ಓಡಿ ಹೆಸರಾದವನೊಬ್ಬ ತನ್ನ ಕತೆ ಹೇಳಿಕೊಂಡದ್ದು.

ನನ್ನ ಜೊತೆ ಓಡುತ್ತಿದ್ದವನು ಕಡಲ ದಂಡೆಯ ಮೀನುಗಾರರ ಮನೆಯವನು. ನನ್ನದೇ ವಯಸ್ಸು. ನಾಲ್ಕನೆಯ ಕ್ಲಾಸಿನವರೆಗೆ ಒಂದೇ ಶಾಲೆಯಲ್ಲಿ ಕಲಿತಿದ್ದೆವು. ಆಮೇಲೆ ಅವನು ದೋಣಿಗೆ ಹೋದ, ನಾನು ಊರು ಬಿಟ್ಟೆ. ಆಗ ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯುತ್ತಿದ್ದೆವು. ನಾನು ಮದರಾಸಿನಿಂದ ಬರುವ ಹೊತ್ತಿಗೆ ಅವನು ನನ್ನನ್ನು 'ಅಯ್ಯ' ಎನ್ನಲು, 'ನೀವು' ಎನ್ನಲು ಕಲಿತಿದ್ದ. ಯಾವಾಗ ಕಲಿತ, ಯಾರು ಕಲಿಸಿದರು ಎಂದು ನಾನು ಕೇಳಲಿಲ್ಲ. ನಾನಂತೂ 'ನೀನು' ಎಂದೇ ಮುಂದುವರಿಸಿದೆ.

ನೀರು ಇಳಿದಾಗ ಕಡಲ ಬದಿಯ ಒದ್ದೆ ಹೊಯ್ಗೆ ಗಟ್ಟಿಯಾಗಿರುತ್ತದೆ. ಬೆಳಗ್ಗೆ ಅದರ ಮೇಲೆ ಓಡುತ್ತಿದ್ದೆವು. ಮೀನು ಬುಟ್ಟಿ ಹೊತ್ತು ಪೇಟೆಗೆ ಹೊರಟ ಹೆಂಗಸರಿಗೆ ನಾವು ದಿನದಿನದ ತಮಾಷೆ. "ಹ್ವಾಯ್ ಅಯ್ಯ, ಬೆನ್ನಿಗೆ ನಾಯಿ ಬಿದ್ದಿತ್ತಾ ಎಂತ?" ಎಂದು ಒಬ್ಬಳು ಕೇಳಿದರೆ, ನಾಯಿಯಲ್ಲ, ಮದುವೆ ಮಾಡಿಸೂಕೆ ಹೊರಟ ಅಪ್ಪಯ್ಯ ಎಂದು ಇನ್ನೊಬ್ಬಳು ಉತ್ತರ ಕೊಡುತ್ತಿದ್ದಳು. ಹೊರೆ ಹೊತ್ತು ಕುಲುಕುತ್ತ ಹೋಗುವ ಅವರ ನಡಿಗೆಯೇ ಮುಕ್ಕಾಲು ಓಟ.

ಸಂಜೆ ಎಳೆದಿಟ್ಟ ದೋಣಿಯ ನೆರಳಲ್ಲಿ ಕೂತು ನಾನು ಆ ಪುಸ್ತಕ ತೆರೆಯುತ್ತಿದ್ದೆ. ಇಂಗ್ಲಿಷನ್ನು ಕಣ್ಣಲ್ಲಿ ಓದಿ ಬಾಯಲ್ಲಿ ಕನ್ನಡ ಹೇಳುವುದು. ಅವನು ಬಲೆ ಸರಿಮಾಡುತ್ತ ಕೇಳುವುದು. ಮೊದಲ ದಿನವೇ ನಕ್ಕಿದ್ದ. "ಓಡೂಕೆ ಪುಸ್ತಕ ಎಂತಕ್ಕೆ ಅಯ್ಯ? ನಾಳೆ ಈಜೂಕೂ ಒಂದ್ ತತ್ರಿಯಾ?"

ಆದರೆ ಬಿಡದೆ ಕೇಳಿದ. ಮೈ ಸೋತ ದಿನ ಅವನೇ ಜ್ಞಾಪಿಸುತ್ತಿದ್ದ, ಆ ಪುಸ್ತಕದವ ಕೆಸರಲ್ಲಿ ಬಿದ್ದು ಎದ್ದು ಓಡಿದ ಕತೆ ಇನ್ನೊಮ್ಮೆ ಹೇಳಿ ಎಂದು. ಓದಿದ ಮರುದಿನ ನಮ್ಮ ಕಾಲಿಗೆ ಏನೋ ಬಲ ಬಂದಂತಾಗುತ್ತಿದ್ದುದು ನಿಜ. ಅಥವಾ ನಿಜವೆಂದು ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಆ ಬಲದಲ್ಲಿ ಪುಸ್ತಕದ್ದೆಷ್ಟು, ಹಿಂದಿನ ರಾತ್ರಿ ಅಮ್ಮ ಬಡಿಸಿದ ಗಂಜಿಯದ್ದೆಷ್ಟು ಎಂದು ಈಗ ಹೇಗೆ ಅಳೆಯಲಿ?

ಪುಸ್ತಕದ ಎರಡು ಮಾತು ನನಗೆ ಚೆನ್ನಾಗಿ ನೆನಪಿವೆ. ಓಡುವಾಗ ನೀರು ಕುಡಿಯಬಾರದು, ಕುಡಿದವನ ಹೊಟ್ಟೆ ಭಾರವಾಗಿ ಮನಸ್ಸು ಸಡಿಲವಾಗುತ್ತದೆ ಎಂಬುದು ಒಂದು. ಅದನ್ನು ಹೇಳಿದಾಗ ಅವನು ಬಲೆಯಿಂದ ತಲೆ ಎತ್ತಿ, "ಅವ್ರ ಊರಗೆ ಬಿಸ್ಲೇ ಇಲ್ಲೆ ಕಾಂತ್" ಎಂದ. ನನಗೆ ಆ ಮಾತು ಸಲೀಸಾಗಿ ಹಿಡಿಸಿತ್ತು. ಏಕಾದಶಿಗೆ ತೊಟ್ಟು ನೀರೂ ಮುಟ್ಟದೆ ಇರುವುದನ್ನು ದೊಡ್ಡಸ್ತಿಕೆ ಎಂದು ತಿಳಿದ ಮನೆಯವನು ನಾನು. ಇಂಗ್ಲಿಷಿನವನೊಬ್ಬ ನಮ್ಮ ಸೋದರತ್ತೆಯ ವ್ರತವನ್ನೇ ಎತ್ತಿ ಹಿಡಿಯುತ್ತಿದ್ದಾನೆ ಎಂದು ಹೆಮ್ಮೆಪಟ್ಟೆ.

ಎರಡನೆಯದು, ಓಟದ ದಾರಿಯಲ್ಲಿ ದೊಡ್ಡವರ ಮಗ ಬಡವರ ಮಗ ಎಂಬ ಭೇದವಿಲ್ಲ, ಅಲ್ಲಿ ಎಲ್ಲರಿಗೂ ಇರುವುದು ಎರಡು ಕಾಲು, ಒಂದು ಎದೆ ಎಂಬ ಅರ್ಥದ್ದು. ಅದನ್ನು ನಾನು ಗಂಟಲು ಏರಿಸಿ ಹೇಳಿದೆ. ಅವನು ಆ ದಿನ ನಗಲಿಲ್ಲ. ಅದನ್ನು ಇನ್ನೊಮ್ಮೆ ಹೇಳಿ ಎಂದ. ಹೇಳಿದೆ. ನಾನು ಆ ಪುಸ್ತಕವನ್ನು ಕ್ಷಮಿಸದೆ ಇರುವುದು ಆ ಎರಡನೆಯ ಬಾರಿಗಾಗಿ.

ಮಂಗಳೂರಿಗೆ ಹೋಗುವ ಆಸೆ ನನಗಿಂತ ಅವನಿಗೆ ಹೆಚ್ಚಿತ್ತು. ಅಲ್ಲಿ ಚೆನ್ನಾಗಿ ಓಡಿದವರನ್ನು ಪೊಲೀಸಿಗೆ ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ದೋಣಿಯಲ್ಲಿ ಹೋದ ಅಣ್ಣ ತಿರುಗಿ ಬಾರದ ಮೇಲೆ ಅವನ ತಾಯಿ ಇವನು ಕಡಲಿಗೆ ಹೊರಟ ದಿನವೆಲ್ಲ ಒಲೆ ಹಚ್ಚುತ್ತಿರಲಿಲ್ಲವಂತೆ. ನನಗೆ ಪಂದ್ಯ ಹೊತ್ತು ಕಳೆಯುವ ದಾರಿ, ಅವನಿಗೆ ನೀರಿನಿಂದ ನೆಲಕ್ಕೆ ಬರುವ ದಾರಿ. ಇಷ್ಟು ಆಗಲೂ ನನಗೆ ಗೊತ್ತಿತ್ತು.

ಪಂದ್ಯದ ದಿನ ಬೆಳಗ್ಗೆ ತೆಕ್ಕಟ್ಟೆಯಲ್ಲಿ ಸೇರಿದೆವು. ಬಾವುಟ ಬೀಸಬೇಕಾದ ದೊಡ್ಡ ಮನುಷ್ಯರು ಬರುವುದು ತಡವಾಯಿತು. ಬಂದ ಮೇಲೆ ಭಾಷಣ. ದೃಢಕಾಯ, ದೃಢಮನಸ್ಸು, ಮುಂದೆ ಬರಲಿರುವ ಸ್ವರಾಜ್ಯ. ಅದು ಮುಗಿಯುವ ಹೊತ್ತಿಗೆ ಗದ್ದೆಯ ಕೊಯ್ದ ಕೂಳೆಯ ಮೇಲೆ ಬಿಸಿಲು ಕುಣಿಯುತ್ತಿತ್ತು, ರಸ್ತೆಯ ಕೆಂಪು ಧೂಳು ಕಾದಿತ್ತು. ನಮ್ಮಲ್ಲಿ ಯಾರಿಗೂ ಪುಸ್ತಕದ ಚಿತ್ರದಲ್ಲಿದ್ದಂಥ ಬೂಟು ಇರಲಿಲ್ಲ.

ಕುಂಭಾಶಿ ದಾಟುವಾಗ ಅವನು ಎಲ್ಲರಿಗಿಂತ ಮುಂದಿದ್ದ, ಬೆನ್ನು ಮಾತ್ರ ಕಾಣುವಷ್ಟು ಮುಂದೆ. ನನ್ನ ಹಿಂದೆ ಕುಂದಾಪುರದ ಜವಳಿ ಅಂಗಡಿಯವರ ಮಗ. ಕೋಟೇಶ್ವರದಲ್ಲಿ ಸಂಘದವರು ದಾರಿ ಬದಿಯಲ್ಲಿ ಚಪ್ಪರ ಹಾಕಿ ಬೆಲ್ಲ ನೀರು ಇಟ್ಟಿದ್ದರು. ಪುಸ್ತಕ ಬೇಡವೆಂದರೂ ನಮ್ಮ ಕಡೆ ಬಾಯಾರಿ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವುದುಂಟೇ? ಕೊಡಲು ನಿಂತವರು ನಮ್ಮ ನೆಂಟರ ಪೈಕಿಯ ಒಬ್ಬ ಹಿರಿಯರು, ಮಡಿಯವರು.

ನಾನು ಅಲ್ಲಿಗೆ ಬರುವಾಗ, ಎಲ್ಲರಿಗಿಂತ ಮೊದಲು ಬಂದಿದ್ದ ಅವನು ಚಪ್ಪರದ ಹೊರಗೆ ಬಿಸಿಲಲ್ಲಿ ಸೊಂಟ ಬಗ್ಗಿಸಿ, ಬೊಗಸೆ ಒಡ್ಡಿ ನಿಂತಿದ್ದ. ಅವನಿಗೆ ಲೋಟವಿಲ್ಲ. ಮೇಲಿನಿಂದ ಹೊಯ್ಯಬೇಕು. ಹೊಯ್ಯುವವರು ಚೆಂಬು ಹಿಡಿದು ಇತ್ತ ತಿರುಗುವಷ್ಟರಲ್ಲಿ ಒಳಗೆ ಕೂತ ದೊಡ್ಡವರೊಬ್ಬರು ಇನ್ನೊಂದು ಲೋಟ ಕೇಳಿದರು. ಹಿರಿಯರು ಅವನಿಗೆ "ತಡಿ" ಎಂದು ಅತ್ತ ಹೋದರು. ಅವರು ಲೋಟಗಳನ್ನು ತುಂಬಿಸಿದರು. ಅವನು ಬಗ್ಗಿದವನು ಬಗ್ಗಿಯೇ ಇದ್ದ.

ಅವನು ಯಾಕೆ ಬಿಟ್ಟು ಓಡಲಿಲ್ಲ ಎಂದು ಆಮೇಲೆ ತಿಳಿದವರೆಲ್ಲ ಕೇಳಿದರು. ನಮ್ಮ ಊರಲ್ಲಿ ಹುಟ್ಟಿದವರು ಕೇಳುವ ಪ್ರಶ್ನೆಯೇ ಅದು? ಹಿರಿಯರ ಎದುರು ಒಮ್ಮೆ ಕೈಯೊಡ್ಡಿದ ಮೇಲೆ ನೀರು ಬೀಳುವ ಮೊದಲು ಕೈ ತೆಗೆದರೆ ಕೊಡುವವರಿಗೆ ಅವಮಾನ. ಅಂಥ ಅವಮಾನ ಮಾಡಿದವನ ತಾಯಿ ಮರುದಿನ ಆ ಕೇರಿಗೆ ಮೀನು ಮಾರಲು ಹೋಗುವ ಹಾಗಿಲ್ಲ.

ನಾನು ನಿಲ್ಲಲಿಲ್ಲ. ನನ್ನ ದಿನಚರಿಯಲ್ಲಿ, ಪುಸ್ತಕದ ಮಾತಿನಂತೆ ನೀರು ಮುಟ್ಟದೆ ಓಡಿದೆ ಎಂದಿದೆ. ಬಾಯಿಯ ನೆನಪಿನಲ್ಲಿ ಮಾತ್ರ ಬೆಲ್ಲದ ರುಚಿಯಿದೆ. ಎರಡರಲ್ಲಿ ಒಂದು ಸುಳ್ಳು. ಜವಳಿಯವರ ಮಗ ನನ್ನನ್ನು ದಾಟಿ ಹೋಗುತ್ತ, ನಿಲ್ಲದೆ, ಚಾಚಿದ ಲೋಟವೊಂದನ್ನು ಕಸಿದು ಗಟಗಟ ಕುಡಿದು ಬಿಸಾಡಿದ್ದನ್ನು ನಾನು ಕಂಡಿದ್ದೇನೆ. ಆ ಲೋಟ ರಸ್ತೆಯಲ್ಲಿ ಉರುಳಿದ ಸದ್ದಿನ ಬಗ್ಗೆ ನನಗೆ ಸಂಶಯವಿಲ್ಲ.

ಜವಳಿಯವರ ಮಗ ಮೊದಲು ಬಂದ. ನಾನು ಎರಡನೆಯವನು. ನೀರಿಗೆ ಬಗ್ಗಿ ನಿಂತಿದ್ದವನು ಹಿಂದಿನಿಂದ ಬಾಣದಂತೆ ಬಂದು ನನ್ನ ಬೆನ್ನಿಗೇ ಮೂರನೆಯವನಾಗಿ ದಾರ ಮುಟ್ಟಿದ. ಇನ್ನೊಂದು ಹತ್ತು ಮಾರು ದಾರಿ ಇದ್ದಿದ್ದರೆ ನಾವಿಬ್ಬರೂ ಅವನ ಬೆನ್ನು ನೋಡುತ್ತಿದ್ದೆವು.

ಬಹುಮಾನ ಕೊಡುವಾಗ ವಕೀಲರು ಮಾತಾಡಿದರು. ಶಿಸ್ತಿಲ್ಲದ ಶಕ್ತಿ ವ್ಯರ್ಥ, ಓಟದ ನಡುವೆ ನೀರಿಗೆ ನಿಂತವರು ಏನಾದರು ನೋಡಿ ಎಂದರು. ಜನ ಚಪ್ಪಾಳೆ ತಟ್ಟಿದರು. ಅವನು ಕೊನೆಯಲ್ಲಿ, ತೆಂಗಿನ ಮರಕ್ಕೆ ಒರಗಿ, ಧೂಳು ಮೆತ್ತಿದ ಕಾಲು ನೋಡುತ್ತ ನಿಂತಿದ್ದ.

ಮರುದಿನ ನಾನು ವಕೀಲರ ಮನೆ ಜಗಲಿಗೆ ಹೋದೆ. ನಡೆದದ್ದು ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಅವರ ತಾಳ್ಮೆಯೇ ನನ್ನನ್ನು ಉರಿಸಿತು.

"ಪುಸ್ತಕ ಓದಿದ್ಯಲ್ಲ ನೀನು. ಓಡುವಾಗ ನೀರ್ ಕುಡೂಕಾಗ ಅಂತ ಬರ್ದಿತ್ತೋ ಇಲ್ಯೋ?"

ಗೆದ್ದವನೂ ಕುಡಿದಿದ್ದಾನೆ ಎಂದೆ.

"ಅವ ನಿಂತ್ಕಂಡ್ ಕುಡ್ದನಾ? ಓಡ್ತಾ ಕುಡ್ದ."

ಓಡುತ್ತ ಕುಡಿಯಲು ಅವನ ಕೈಗೆ ಲೋಟ ಕೊಟ್ಟಿದ್ದೀರಿ, ಇವನಿಗೆ ಕೊಡಲಿಲ್ಲ ಎಂದೆ.

"ಲೋಟ ಎಲ್ರಿಗೂ ಕೊಡೂಕಾತ್ತಾ, ಮಾಣಿ?"

ಅದನ್ನು ಅವರು ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು. ಖಾದಿಯ ಶಾಲು ಸರಿಮಾಡಿಕೊಂಡರು. ನನ್ನ ಜಾಗವನ್ನು ಅವನಿಗೆ ಕೊಡಿ ಎಂದೆ. ಹಾಗೆಲ್ಲ ದಾನ ಮಾಡಲು ಬರುವುದಿಲ್ಲ, ನೀನು ಬಿಟ್ಟರೆ ಸಂಘ ತನಗೆ ತಕ್ಕವನೆಂದು ಕಂಡವನನ್ನು ಕಳಿಸುತ್ತದೆ ಎಂದರು. ತಕ್ಕವನು ಯಾರು ಎಂದು ಆಗಲೇ ನಿಶ್ಚಯವಾಗಿತ್ತು. ನಾಲ್ಕನೆಯವನು ಹೈಸ್ಕೂಲಿನ ಹುಡುಗ, ಒಳ್ಳೆಯ ಮನೆತನದವನು. ಪುಸ್ತಕಗಳನ್ನು ಅವರ ಜಗಲಿಯ ಮೇಲೆ ಇಟ್ಟು ಬಂದೆ. ದಿನಚರಿಯಲ್ಲಿ 'ಎಸೆದು ಬಂದೆ' ಎಂದಿದೆ. ಎಸೆದಿರಲಾರೆ.

ಅವನು ಸಂಜೆ ನಮ್ಮ ಮನೆಗೆ ಬಂದ. ಅಂಗಳದ ತುದಿಯಲ್ಲಿ, ಯಾವಾಗಲೂ ನಿಲ್ಲುವಲ್ಲಿ ನಿಂತ. ನಾನು ವಕೀಲರನ್ನೂ ಮಡಿಯ ಹಿರಿಯರನ್ನೂ ಸಂಘವನ್ನೂ ಬಾಯಿಗೆ ಬಂದಂತೆ ಬೈದೆ, ಮನುಷ್ಯರಿಗೆ ಹಾಗೆ ನೀರು ಹೊಯ್ಯುತ್ತಾರೆಯೇ ಎಂದೆ. ಅವನು ಅಷ್ಟೂ ಕೇಳಿದ. ಆಮೇಲೆ ಹೇಳಿದ:

"ನಿಮ್ಮನಿಯಗೂ ನಂಗೆ ಹಂಗೇ ಅಲ್ದಾ ಅಯ್ಯ ಹೊಯ್ಯುದ್? ಇಲ್ ಯಾರೂ ಗಡಿಯಾರ ಹಿಡ್ಕಂಡ್ ನಿಂತಿರ್ಲಿಲ್ಲೆ, ಅಷ್ಟೆ."

ವ್ಯಂಗ್ಯವಿರಲಿಲ್ಲ. ಅಷ್ಟು ತಿಂಗಳು ಪ್ರತಿದಿನ ಓಡಿ ಬಂದು ನಾನು ಜಗಲಿಯ ಚಿಟ್ಟೆಯ ಮೇಲೆ ಕೂತು ಹಿತ್ತಾಳೆ ಲೋಟದಲ್ಲಿ ಕುಡಿಯುತ್ತಿದ್ದೆ, ಅವನು ಅಂಗಳದಲ್ಲಿ ಬಗ್ಗುತ್ತಿದ್ದ, ಅಮ್ಮ ಹೊಯ್ಯುತ್ತಿದ್ದಳು. ನೀರು ಅವನ ಮೊಣಕೈಯಿಂದ ಇಳಿದು ಮಣ್ಣಿಗೆ ಬೀಳುತ್ತಿತ್ತು. ಅದನ್ನು ನೋಡುತ್ತಲೇ ನಾನು ಎರಡು ಕಾಲು, ಒಂದು ಎದೆ ಎಂದು ಯೋಚಿಸುತ್ತಿದ್ದೆ.

ಒಳಗೆ ಹೋಗಿ ಲೋಟದಲ್ಲಿ ನೀರು ತಂದೆ. ಅಮ್ಮ ಬಾಗಿಲಿಗೆ ಬಂದಳು. "ಮಾಣಿ, ಅದ್ ಒಳಗಿಂದ್" ಎಂದಳು, ಅಷ್ಟೇ. ನಾನು ಅವನತ್ತ ಚಾಚಿದೆ. ಅವನು ಲೋಟ ನೋಡಲಿಲ್ಲ, ಅಮ್ಮನ ಮುಖ ನೋಡಿದ.

"ಬ್ಯಾಡ ಅಯ್ಯ. ನಂಗೆ ಆಸರಿಲ್ಲೆ."

ಬಾಯಾರಿಕೆಯಿಲ್ಲವಂತೆ! ತೆಗೆದುಕೋ ಎಂದು ಗದರಿದೆ. ಹೌದು, ಗದರಿದೆ, ಅವನ ಮೇಲೂ ನನಗೆ ಸಿಟ್ಟು ಬಂತು. ನಾನು ನೀಡಿದ ಹೊತ್ತಿಗೆ ಅವನು ಬಾಯಾರಿರಬೇಕಿತ್ತು.

"ನಾಳೆ ಬೆಳಗಾತ ಓಡೂಕೆ ಬತ್ತೆ. ಪುಸ್ತಕ ಓದುದ್ ಮಾತ್ರ ಇನ್ ಬ್ಯಾಡ" ಎಂದು ಹೇಳಿ ಹೋದ. ನಾನು ಮಂಗಳೂರಿಗೆ ಬರುವುದಿಲ್ಲವೆಂದು ಸಂಘಕ್ಕೆ ಹೇಳಿ ಕಳಿಸಿದೆ. ನಾಲ್ಕನೆಯವನು ಹೋದ. ಬಿಟ್ಟದ್ದು ನ್ಯಾಯಕ್ಕೋ, ಅಲ್ಲಿ ಸೋಲುವ ಭಯಕ್ಕೋ, ಅಥವಾ ಅವನ ಮುಂದೆ ಒಳ್ಳೆಯವನಾಗಿ ಉಳಿಯುವುದಕ್ಕೋ ನನಗೆ ಈಗಲೂ ಗೊತ್ತಿಲ್ಲ. ನಾನು ಬಿಟ್ಟದ್ದರಿಂದ ಅವನಿಗೆ ಏನೂ ಸಿಗಲಿಲ್ಲ ಎಂಬುದಷ್ಟೇ ಗೊತ್ತು.

ಅವನು ಹೇಳಿದಂತೆ ಬೆಳಗ್ಗೆ ಬಂದ. ನೀರು ಇಳಿದಿತ್ತು. ಹೊರಟೆವು. ಮೊದಲ ಸ್ವಲ್ಪ ದೂರ ಎಂದಿನಂತೆ ನನ್ನ ಭುಜಕ್ಕೆ ಭುಜ ಕೊಟ್ಟು ಓಡಿದ. ಆಮೇಲೆ ಮುಂದಾದ. ನಾನು ಹಲ್ಲು ಕಚ್ಚಿ ಬೆನ್ನಟ್ಟಿದೆ, ಎದೆ ಒಡೆಯುವವರೆಗೆ ಬೆನ್ನಟ್ಟಿದೆ. ಅವನು ದೂರವಾಗುತ್ತಲೇ ಹೋದ. ಅಷ್ಟು ತಿಂಗಳು ಅವನು ನನ್ನ ಸಲುವಾಗಿ ವೇಗ ತಡೆದು ಓಡುತ್ತಿದ್ದ ಎಂಬುದು ಆಗ ಪೂರ್ತಿ ತಿಳಿಯಿತು. ಅವನಿಗೆ ಮಂಗಳೂರಿನಲ್ಲಿ ಎಷ್ಟು ಓಡಲು ಸಾಧ್ಯವಿತ್ತು ಎಂಬುದನ್ನು ಆ ದಿನ ನೋಡಿದವನು ನಾನೊಬ್ಬನೇ, ಅದೂ ಹಿಂದಿನಿಂದ. ದೋಣಿಗಳು ಹೊರಡುವ ಹೊತ್ತಾಗಿತ್ತು. ಅವನು ತಿರುಗಿ ನನ್ನ ಬಳಿ ಬರಲಿಲ್ಲ. ಓಡಿದ ವೇಗದಲ್ಲೇ ನೀರಿಗಿಳಿದು, ದೋಣಿಯ ಅಂಚಿಗೆ ಭುಜ ಕೊಟ್ಟು ಉಳಿದವರ ಜೊತೆ ತಳ್ಳತೊಡಗಿದ.