ಕನ್ನಡ ವಿಭಾಗದ ಆಚಾರ್ ಸಾರು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಸುಜಯೀಂದ್ರಾಚಾರ್ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆಲ್ಲ ಗಡಿಯಾಚೆಯ ತೆಲುಗು ಸೀಮೆಯ ಆದವಾನಿಯಲ್ಲಿ ಬಸ್ಸು ಹತ್ತಿ, ಆಸ್ಪರಿ ಕಡೆಯ ತಮ್ಮ ಶಾಲೆಯ ಹಳ್ಳಿಗೆ ಹೋಗಿ, ಬಿಸಿಲು ನೆತ್ತಿಗೇರುವ ಮೊದಲು ಹತ್ತು ಮನೆಯಾದರೂ ಸುತ್ತಿ ಬರುತ್ತಿದ್ದರು. ಜೂನ್ ಹನ್ನೆರಡಕ್ಕೆ ಶಾಲೆ ತೆರೆಯುತ್ತದೆ. ಅಷ್ಟರೊಳಗೆ ಒಂದನೇ ತರಗತಿಗೆ ಮಕ್ಕಳನ್ನು ಹುಡುಕಬೇಕು. ಆ ಸರ್ಕಾರಿ ಶಾಲೆಯ ಒಂದೇ ಕಾಂಪೌಂಡಿನೊಳಗೆ ಎರಡು ವಿಭಾಗಗಳಿದ್ದವು. ದೊಡ್ಡದು ತೆಲುಗಿನದು, ಚಿಕ್ಕದು ಕನ್ನಡದ್ದು. ಊರವರ ಬಾಯಲ್ಲಿ ಆಚಾರ್ ಸಾರು ಆಗಿದ್ದ ಅವರು ಮೂವತ್ತೊಂದು ವರ್ಷ ಕನ್ನಡ ವಿಭಾಗದ ಮೇಷ್ಟ್ರು.

ಅವರ ಚೀಲದಲ್ಲಿ ಅರ್ಜಿಗಳು, ಗೋಂದು, ನಾಲ್ಕಾರು ಪೆನ್ನುಗಳ ಜೊತೆ ಹಳೆಯ ಪಂಚಾಂಗಗಳೂ ಇರುತ್ತಿದ್ದವು. ಮಗು ಹುಟ್ಟಿದ ತಾರೀಖು ಎಷ್ಟೋ ತಾಯಂದಿರಿಗೆ ಗೊತ್ತಿರುತ್ತಿರಲಿಲ್ಲ. ಶೇಂಗಾ ಕೀಳುವ ಕಾಲ, ಅಮಾವಾಸ್ಯೆ ಕಳೆದು ಮೂರನೆಯ ದಿನ, ಸೋಮವಾರ ಎಂದು ಹೇಳಿದರೆ ಸಾಕು. ಸಾರು ಅಲ್ಲೇ ಕಟ್ಟೆಯ ಮೇಲೆ ಕೂತು ಪಂಚಾಂಗ ತೆಗೆದು ತಾರೀಖು ಹೇಳುತ್ತಿದ್ದರು. ಆ ಊರಿನ ಅರ್ಧ ಜನರ ಹುಟ್ಟಿದ ದಿನ ಅವರು ಕೂಡಿಸಿ ಕೊಟ್ಟದ್ದೇ. ಜಾತಿ ಪ್ರಮಾಣಪತ್ರ ಬೇಕಾದವರನ್ನು ತಾವೇ ಆಸ್ಪರಿಯ ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದರು. ಪಾಸಾದ ಮಕ್ಕಳ ಪಠ್ಯಪುಸ್ತಕ ಕೇಳಿ ತಂದು, ಹರಿದ ಹಾಳೆ ಅಂಟಿಸಿ, ಹೊಸ ಮಕ್ಕಳಿಗೆ ಹಂಚುತ್ತಿದ್ದರು. ಅವರ ಹೆಂಡತಿ ಪ್ರೇಮಾಬಾಯಿ ಹಳೆಯ ಕ್ಯಾಲೆಂಡರುಗಳಿಂದ ಆ ಪುಸ್ತಕಗಳಿಗೆ ರಟ್ಟು ಹಾಕಿಕೊಡುತ್ತಿದ್ದರು.

ಹಾಗೆ ಒಂದು ಬೇಸಿಗೆಯಲ್ಲಿ ಅವರು ಕುರಿ ಸಾಕುವ ಪಕೀರಪ್ಪನ ಮನೆಗೆ ಹೋದರು. ಪಕೀರಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಮನೆಯಲ್ಲಿ ಹೆಂಡತಿ ಬಸವಕ್ಕ, ಐದು ದಾಟಿದ ಮಗಳು ಶಿವಲೀಲಾ ಇದ್ದರು. ನೆರೆಯವರು ತೆಲುಗು ಕಡೆ ಹಾಕೆಂದು ಹೇಳಿದ್ದರಿಂದ ಬಸವಕ್ಕ ಹಿಂದೆಮುಂದೆ ನೋಡಿದಳು. ಆಗ ಸಾರು ಹೇಳಿದರು:

"ಮನಿ ಮಾತಿನೊಳಗ ಕಲಿತ್ರ ತಲಿಗೆ ಹತ್ತತದ ಬಸವಕ್ಕಾ. ಮುಂದಿಂದು ನಾ ನೋಡ್ಕೋತೀನಿ."

ಆ ಮಾತು ಅವರು ಎಲ್ಲ ಮನೆಗಳಲ್ಲೂ ಹೇಳುತ್ತಿದ್ದದ್ದೇ. ಬಸವಕ್ಕ ನಂಬಿದಳು.

ಶಿವಲೀಲಾ ಚುರುಕು. ಮೂರನೇ ತರಗತಿಗೆ ಬರುವಷ್ಟರಲ್ಲಿ ಅಪ್ಪನ ಕುರಿಗಳ ಹೆಸರನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಎಂಟರಲ್ಲಿ ವಿಜ್ಞಾನದ ಪಾಠ ತಾನೇ ಓದಿ ಚಿಕ್ಕವರಿಗೆ ಹೇಳಿಕೊಡುತ್ತಿದ್ದಳು. ಹತ್ತನೆಯದರಲ್ಲಿ ಎರಡೂ ವಿಭಾಗ ಸೇರಿಸಿ ಅವಳೇ ಮೊದಲು ಬಂದಳು. ನರ್ಸ್ ಆಗಬೇಕೆಂದು ಅವಳ ಆಸೆ. ಸಾರಿಗೆ ಅವಳು ಡಾಕ್ಟರೇ ಆದಾಳು ಎನಿಸಿತ್ತು.

ಆದರೆ ಕನ್ನಡದ ದಾರಿ ಅಲ್ಲಿಗೇ ನಿಲ್ಲುತ್ತಿತ್ತು. ಇಂಟರ್, ಅಂದರೆ ಹತ್ತರ ಮೇಲಿನ ಎರಡು ವರ್ಷ, ಓದಬೇಕೆಂದರೆ ತೆಲುಗು, ಇಲ್ಲವೇ ಇಂಗ್ಲಿಷು. ಸಾರು ಬಳ್ಳಾರಿಗೆ ಎರಡು ಸಲ ಹೋಗಿ ಬಂದರು. ಅವಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಕೊನೆಗೆ ತಾವೇ ಅವಳನ್ನೂ ಪಕೀರಪ್ಪನನ್ನೂ ಆದವಾನಿಯ ಒಂದು ಕಾಲೇಜಿಗೆ ಕರೆದೊಯ್ದು, ಅರ್ಜಿ ತುಂಬಿ, ವಿಜ್ಞಾನಕ್ಕೆ ಸೇರಿಸಿದರು. ಮೂರು ತಿಂಗಳು ಕಷ್ಟವಾಗುತ್ತದೆ, ಆಮೇಲೆ ಭಾಷೆ ತಾನೇ ಬರುತ್ತದೆ ಎಂದು ಧೈರ್ಯ ತುಂಬಿದರು.

ತೆಲುಗು ಅವಳಿಗೆ ಮಾತಿಗೆ ಬರುತ್ತಿತ್ತು. ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿತ್ತು. ಗೊತ್ತಿದ್ದ ವಿಷಯಕ್ಕೂ ಅಲ್ಲಿ ಬೇರೆ ಹೆಸರು. ಶನಿವಾರಗಳಲ್ಲಿ ಅವಳು ಸಾರ ಮನೆಗೆ ಬಂದು ಕೂರುತ್ತಿದ್ದಳು. ಸಾರಿಗೆ ಆ ಇಂಗ್ಲಿಷು ಅವಳಷ್ಟೇ ಬರುತ್ತಿತ್ತು. ಇಬ್ಬರೂ ನಿಘಂಟು ನಡುವೆ ಇಟ್ಟುಕೊಂಡು ಒಂದು ಪುಟಕ್ಕೆ ಒಂದು ಮಧ್ಯಾಹ್ನ ಕಳೆಯುತ್ತಿದ್ದರು.

ಅರ್ಧ ವರ್ಷದ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಅವಳು ಉತ್ತರಗಳನ್ನೆಲ್ಲ ಕನ್ನಡದಲ್ಲಿ ಬರೆದಳು. ಹಟಕ್ಕಲ್ಲ, ಬರೆಯುತ್ತ ಹೋದಂತೆ ಕೈಗೆ ಅದೇ ಬಂತೆಂದು ಆಮೇಲೆ ಹೇಳಿದಳು. ಅಲ್ಲಿನ ಮೇಷ್ಟ್ರು ಕೆಟ್ಟವರೇನಲ್ಲ. ಅವಳನ್ನು ಹತ್ತಿರ ಕರೆದು, ಇದು ಸರಿಯಿರಬಹುದಮ್ಮ, ನನಗೆ ಓದಲು ಬರುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿ, ಅಂಕ ಹಾಕದೆ ಪೇಪರು ಹಿಂದಕ್ಕೆ ಕೊಟ್ಟರು. ಅವಳು ಅದನ್ನು ಆಚಾರ್ ಸಾರಿಗೆ ತಂದು ತೋರಿಸಿದಳು. ಸಾರು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಎಲ್ಲವೂ ಸರಿಯಿತ್ತು. ಪ್ರೇಮಾಬಾಯಿ ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ.

ಮೊದಲ ವರ್ಷ ಅವಳು ಫೇಲಾದಳು. ಮತ್ತೆ ಕಟ್ಟಿದಳು, ಮತ್ತೆ ಹೋಯಿತು. ಆಮೇಲೆ ಕಾಲೇಜಿಗೆ ಹೋಗಲಿಲ್ಲ. ಆದವಾನಿಯ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಕಸ ಆರಿಸುವ ಕೆಲಸಕ್ಕೆ ಸೇರಿದಳು.

ಸಾರು ಸಮಾಧಾನ ಹೇಳಲೆಂದು ಪಕೀರಪ್ಪನ ಮನೆಗೆ ಹೋದರು. ಪಕೀರಪ್ಪ ತಲೆ ತಗ್ಗಿಸಿ ಕೂತಿದ್ದ. ಬಸವಕ್ಕ ನೀರು ತಂದುಕೊಟ್ಟು, ಬಾಗಿಲಿಗೆ ಒರಗಿ ನಿಂತು ಕೇಳಿದಳು:

"ಸಾರ್, ನಿಮ್ ಮಗಳು ಎಲ್ಲಿ ಓದ್ಯಾಳ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಚಾರ್ ಸಾರ ಒಬ್ಬಳೇ ಮಗಳು ವಿಷ್ಣುಪ್ರಿಯಾ ಒಂದನೇ ತರಗತಿಯಿಂದಲೂ ಆದವಾನಿಯ ಇಂಗ್ಲಿಷ್ ಶಾಲೆಯಲ್ಲಿ ಓದಿ, ಆಗ ಕರ್ನೂಲಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು. ಹೆಂಡತಿ ಹಟ ಹಿಡಿದಳು, ಆದವಾನಿಯಿಂದ ದಿನಾ ಮಗುವನ್ನು ಹಳ್ಳಿಗೆ ಕರೆತರುವುದು ಆಗುತ್ತಿರಲಿಲ್ಲ, ಹೀಗೆ ಹೇಳಲು ಕಾರಣಗಳಿದ್ದವು. ಸಾರು ಇಂಗ್ಲಿಷಿನಲ್ಲಿ ಓದಿದಳು ಎಂದಷ್ಟೇ ಹೇಳಿದರು. ಬಸವಕ್ಕ ಹೌದೆಂದು ತಲೆಯಾಡಿಸಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ಬೇಸಿಗೆಯಲ್ಲೂ ಸಾರು ಮನೆಮನೆ ಸುತ್ತಿದರು. ಆದರೆ ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮಕ್ಕಳು ಕಡಿಮೆಯಾಗುತ್ತ ಬಂದರು. ತೆಲುಗು ವಿಭಾಗ ಇಂಗ್ಲಿಷಾಯಿತು. ಸಾರು ನಿವೃತ್ತರಾದರು, ಆದರೂ ಪ್ರತಿ ವರ್ಷ ಮೇ ಕೊನೆಗೆ ಬಸ್ಸು ಹತ್ತುವುದನ್ನು ಬಿಡಲಿಲ್ಲ. ಮಂಡಿ ಊದಿದಾಗ ಪ್ರೇಮಾಬಾಯಿ ಸಾಕು ಎಂದರು. ಈ ಒಂದು ವರ್ಷ ಎಂದು ನಾಲ್ಕು ವರ್ಷ ಹೋದರು.

ಹೋದ ವರ್ಷ ಆಚಾರ್ ಸಾರನ್ನು ಹೊಸ ಹೆಡ್‌ಮಾಸ್ಟರ್ ಲಕ್ಷ್ಮಿಕಾಂತ್ ಕೂರಿಸಿಕೊಂಡು, ಕನ್ನಡ ವಿಭಾಗದಲ್ಲಿ ಉಳಿದದ್ದು ಏಳೇ ಮಕ್ಕಳೆಂದು ಹೇಳಿದರು. ಒಂದನೇ ತರಗತಿಗೆ ಒಬ್ಬರಾದರೂ ಸೇರದಿದ್ದರೆ ವಿಭಾಗ ನಡೆಸುವುದು ಕಷ್ಟವೆಂದರು. ಸಾರು ಎಂಟು ದಿನ ಸುತ್ತಿದರು. ಜನ ಗೌರವದಿಂದಲೇ ಮಾತಾಡಿಸಿ, ಚಹಾ ಕೊಟ್ಟು, ಇಂಗ್ಲಿಷ್ ವಿಭಾಗದ ಅರ್ಜಿ ತುಂಬಿಕೊಡಿ ಎಂದು ಕೇಳಿದರು. ಕೊನೆಗೆ ಉಳಿದದ್ದು ಶಿವಲೀಲಾಳ ಮನೆ.

ಅವಳು ಅದೇ ಊರಿನ ಜಗದೀಶನನ್ನು ಮದುವೆಯಾಗಿದ್ದಳು. ಜಗದೀಶ ಆಟೋ ಓಡಿಸುತ್ತಾನೆ. ಮಗಳು ಯಾಮಿನಿಗೆ ಆರು ತುಂಬುತ್ತಿತ್ತು. ಸಾರನ್ನು ಕಂಡೊಡನೆ ಶಿವಲೀಲಾ ಕುರ್ಚಿ ಒರೆಸಿ ಹಾಕಿ, ಕಾಲು ಮುಟ್ಟಿ ನಮಸ್ಕರಿಸಿದಳು. ಅವರು ಬಂದದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಬಿಸಿಲು, ಬಸ್ಸು, ಅವಳ ಅಪ್ಪನ ಆರೋಗ್ಯ ಎಲ್ಲ ಮುಗಿದ ಮೇಲೆ ಅವಳೇ ಹೇಳಿದಳು:

"ನೀವು ಚಲೋ ಕಲ್ಸಿದ್ರಿ ಸಾರ್. ನಂಗ ಕಲ್ತಿದ್ದು ಇನ್ನಾ ನೆನಪೈತಿ. ಆದ್ರ ಅದು ಎಲ್ಲೂ ಕೆಲ್ಸಕ್ಕ ಬರ್ಲಿಲ್ಲ. ಇಕಿನ್ನ ನಾ ಅಲ್ಲಿ ಕೂರ್ಸಂಗಿಲ್ಲ."

ಸಾರು ಚೀಲದಿಂದ ಇಂಗ್ಲಿಷ್ ವಿಭಾಗದ ಅರ್ಜಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಹೆಸರು, ತಾಯಿಯ ಹೆಸರು ಒಂದೊಂದೇ ಅಕ್ಷರ ಬಿಡಿಸಿ ಬರೆದರು. ಫೋಟೋ ಅಂಟಿಸಿದರು.

ಏಳುವ ಮುಂಚೆ ಅವರು ಒಂದು ಮಾತು ಕೇಳಿದರು. ಭಾನುವಾರ ಬಂದು ಮಗುವಿಗೆ ಕನ್ನಡದ ಅಕ್ಷರ ಹೇಳಿಕೊಡಲೇ ಎಂದು. ಶಿವಲೀಲಾ ತುಸು ಯೋಚಿಸಿದಳು.

"ಈಗ ಬ್ಯಾಡ್ರಿ ಸಾರ್. ಮದ್ಲು ಅದು ಬರ್ಲಿ. ಎರಡೂ ಕೂಡಿದ್ರ ಕಲಸಿಹೋಗ್ತೈತಿ."

"ಆತವ್ವಾ," ಎಂದು ಸಾರು ಎದ್ದರು. ಜಗದೀಶ ಆಟೋದಲ್ಲಿ ಬಸ್ಸಿನವರೆಗೆ ಬಿಟ್ಟು ಬಂದ.

ಜೂನ್ ಹನ್ನೆರಡಕ್ಕೆ ಶಾಲೆ ತೆರೆದಾಗ ಆ ಏಳು ಮಕ್ಕಳನ್ನು ಇಂಗ್ಲಿಷ್ ವಿಭಾಗದ ಕೋಣೆಗಳಲ್ಲಿ ಕೂರಿಸಿದರು. ಕನ್ನಡ ವಿಭಾಗದ ಕೋಣೆಯಲ್ಲಿ ಈಗ ಬಿಸಿಯೂಟದ ಅಕ್ಕಿ ಮೂಟೆಗಳಿವೆ.

ಈ ಬೇಸಿಗೆಯಲ್ಲೂ ಆಚಾರ್ ಸಾರು ಹಳ್ಳಿಗೆ ಹೋದರು. ಬರಬೇಡಿ ಎಂದು ಯಾರೂ ಅನ್ನಲಿಲ್ಲ. ಅರ್ಜಿಯಲ್ಲಿ ತಪ್ಪಾದರೆ ಎಂಬ ಭಯ ಎಲ್ಲರಿಗೂ ಇದೆ, ಅವರ ಅಕ್ಷರದ ಮೇಲೆ ನಂಬಿಕೆಯಿದೆ. ಹೊಂಗೆ ಮರದ ಕೆಳಗೆ ಕೂತು ಎಲ್ಲರಿಗೂ ಇಂಗ್ಲಿಷ್ ವಿಭಾಗದ ಅರ್ಜಿ ತುಂಬಿಕೊಟ್ಟರು. ಶಾಲೆಯ ಗೇಟಿನೊಳಗೆ ಮಾತ್ರ ಹೋಗಲಿಲ್ಲ. ತುಂಬಿದ ಅರ್ಜಿಗಳನ್ನು ತಂದೆತಾಯಿಗಳ ಕೈಗೇ ಕೊಟ್ಟು, ನೀವೇ ಕೊಟ್ಟು ಬನ್ನಿ ಎಂದು ಹೇಳಿ ಬಸ್ಸಿನ ಕಡೆ ನಡೆದರು.