ಹಸಿರು ಬಣ್ಣದ ಹನ್ನೆರಡು ಸುರುಳಿಗಳು

ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ಮರದ ಗೊಂಬೆ ಕಡೆಯುತ್ತಿದ್ದ ಹಾಜಿರಾ ತನ್ನ ಕೆಲಸದ ಬಗ್ಗೆ ಯಾರಿಂದಲೂ ಒಂದು ದೂರೂ ಕೇಳಿದವಳಲ್ಲ. ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಅನಂತರಾಜು ವಿಜ್ಞಾನ ಪ್ರದರ್ಶನಕ್ಕೆಂದು ಅವಳಲ್ಲಿಗೇ ಬಂದು ಇಪ್ಪತ್ತನಾಲ್ಕು ಮರದ ಸುರುಳಿ ಕೇಳಿದರು. ಹನ್ನೆರಡು ಕೆಂಪು, ಬಲಕ್ಕೆ ತಿರುಚಿದವು. ಹನ್ನೆರಡು ಹಸಿರು, ಎಡಕ್ಕೆ ತಿರುಚಿದವು.

"ಎಡ ಆದ್ರೇನು, ಬಲ ಆದ್ರೇನು ಮೇಷ್ಟ್ರೇ?"

"ಕೆಲವು ಅಣುಗಳು ಹಿಂಗೇ ತಿರುಚ್ಕೊಂಡಿರ್ತವೆ ಹಾಜಿರಮ್ಮ. ಎಲೆಕ್ಟ್ರಾನ್‌ಗೆ ಸ್ಪಿನ್ ಅಂತ ಒಂದು ಗುಣ ಐತೆ, ಎರಡು ಥರ. ಚಿನ್ನದ ತಗಡಿನ ಮೇಲೆ ಬಲಸುರುಳಿ ಅಣು ಕೂರಿಸಿ ಅದರೊಳಗಿಂದ ಎಲೆಕ್ಟ್ರಾನ್ ಹಾಯಿಸಿದ್ರೆ ಒಂದು ಥರದವೇ ಜಾಸ್ತಿ ಆಚೆ ಬತ್ತವೆ. ಎಡಸುರುಳಿ ಕೂರಿಸಿದ್ರೆ ಇನ್ನೊಂದು ಥರದವು. ಬೇರೆ ಬೇರೆ ಮಾಡೋಕೆ ಆಯಸ್ಕಾಂತವೇ ಬೇಡ."

ಹಾಜಿರಾ ಹಾಲೆಮರದ ಕೋಲುಗಳಿಗೆ ಅರಗಿನ ಬಣ್ಣ ಹಿಡಿಸಿದಳು. ಕಾಗದದ ಪಟ್ಟಿ ಸುತ್ತಿ ಗೆರೆ ಎಳೆದು, ಅರದಿಂದ ಕೊರೆದಳು. ಕೈ ರೂಢಿಯ ಕಡೆಗೇ ಓಡಿತ್ತು. ಪ್ರದರ್ಶನದ ಹಿಂದಿನ ದಿನ ಜೋಡಿಸಿ ಇಟ್ಟಾಗ ಕಂಡಿತು: ಇಪ್ಪತ್ತನಾಲ್ಕೂ ಬಲಕ್ಕೇ ತಿರುಗಿದ್ದವು. ಹಸಿರಿನದೊಂದನ್ನು ತಲೆಕೆಳಗು ಮಾಡಿದಳು. ಗೆರೆ ಆಗಲೂ ಅದೇ ಕಡೆಗೆ ವಾಲಿತ್ತು. ಮತ್ತೆ ಕಡೆಯಲು ಹೊತ್ತಿರಲಿಲ್ಲ. ಫೋನು ಮಾಡಿ ಹೇಳಲು ಬಾಯಿ ಬರಲಿಲ್ಲ. ಬಣ್ಣ ಬೇರೆ ಇದೆಯಲ್ಲ, ಯಾರು ನೋಡುತ್ತಾರೆ ಎಂದುಕೊಂಡು ಡಬ್ಬಿಗೆ ತುಂಬಿದಳು.

ಮರುದಿನ ಅವಳನ್ನೂ ಕರೆದು ಮುಂದೆ ಕೂರಿಸಿದರು. ಬೇರೆ ಊರುಗಳ ಮೇಷ್ಟ್ರುಗಳೂ ಬಂದಿದ್ದರು. ರಮ್ಯ ಎಂಬ ವಿದ್ಯಾರ್ಥಿನಿ ಕೆಂಪು, ಹಸಿರು ಎರಡನ್ನೂ ಕೈಗೆತ್ತಿಕೊಂಡು ಗೆರೆಯ ಮೇಲೆ ಬೆರಳಾಡಿಸಿದಳು.

"ಸಾರ್, ಎರಡೂ ಒಂದೇ ಕಡೆ ತಿರುಗ್ಯವೆ."

ಹಿಂದಿನ ಸಾಲಿನವರು ನಕ್ಕರು. ಅನಂತರಾಜು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಮುಖ ಕೆಂಪಾಯಿತು. "ತಪ್ಪು ನಂದು. ಅವರಿಗೆ ನಾನೇ ಸರಿಯಾಗಿ ಹೇಳಿರಲಿಲ್ಲ," ಎಂದರು. ಆಮೇಲೆ ಹಾಜಿರಾಳಿಗೆ ಶಾಲು ಹೊದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ನೆಲ ನೋಡುತ್ತ ನಿಂತಿದ್ದಳು.

ಎಂಟು ದಿನ ಬೇರೆ ಕೆಲಸ ಹಿಡಿಯಲಿಲ್ಲ. ಪಟ್ಟಿಯನ್ನು ಉಲ್ಟಾ ಸುತ್ತಿ, ತಡೆತಡೆದು ಹನ್ನೆರಡು ಎಡಸುರುಳಿ ಕೊರೆದಳು. ತಾನೇ ಕಾಲೇಜಿಗೆ ಹೊತ್ತುಕೊಂಡು ಹೋದಳು. ಪಾಠ ನಡೆಯುತ್ತಿತ್ತು.

"ಮೇಷ್ಟ್ರು ಸರಿಯಾಗೇ ಹೇಳಿದ್ರು ಮಕ್ಳೇ," ಎಂದಳು ಬಾಗಿಲಲ್ಲೇ ನಿಂತು. "ತಪ್ಪಾಗೈತೆ ಅಂತ ನಂಗೊತ್ತಿತ್ತು. ಗೊತ್ತಿದ್ದೇ ಕೊಟ್ಬುಟ್ಟೆ."

ಯಾರೂ ನಗಲಿಲ್ಲ. ರಮ್ಯ ತಲೆ ತಗ್ಗಿಸಿದಳು. ಅನಂತರಾಜು ಡಬ್ಬಿ ತೆಗೆದುಕೊಂಡು, "ಒಸಿ ಕೂತ್ಕೊಳ್ಳಿ ಹಾಜಿರಮ್ಮ, ಪಾಠ ಕೇಳ್ಕೊಂಡು ಹೋಗಿ," ಎಂದರು. ಅವಳು ಕೂರಲಿಲ್ಲ.

ಈಗಲೂ ಮೇಷ್ಟ್ರು ಅವಳ ಬೀದಿಯಲ್ಲೇ ಸ್ಕೂಟರಿನಲ್ಲಿ ಹೋಗುತ್ತಾರೆ, ಕೈ ಎತ್ತುತ್ತಾರೆ. ಹಾಜಿರಾಳೂ ಕೈ ಎತ್ತುತ್ತಾಳೆ. ಮುಖ ಮಾತ್ರ ಎತ್ತುವುದಿಲ್ಲ.