ಒಂದೇ ಬಾಯಿ ನೋಡಿ ಆರಿಸಿದ ಬ್ಯಾಟರಿ

ಉಂ... ಉಂ... ಉಂ... ಟಕ್. ಚಳಿಯ ಬೆಳಿಗ್ಗೆ ಟ್ರಾಕ್ಟರಿನ ಸೆಲ್ಫ್ ಸ್ಟಾರ್ಟರ್ ಸೋಲುವಾಗ ಹೀಗೆ ಸದ್ದು ಮಾಡುತ್ತಿತ್ತು. ಮೊದಲು ದನ ನರಳಿದ ಹಾಗೆ, ಕೊನೆಗೆ ಯಾರೋ ಬಾಗಿಲಿನ ಚಿಲಕ ಹಾಕಿದ ಹಾಗೆ. ಈಗ ನನ್ನ ಕಿವಿಗೆ ಎದುರು ಕೂತವರ ಮಾತೇ ಅರ್ಧ ಬೀಳುವುದಿಲ್ಲ. ಆ ಟಕ್ ಮಾತ್ರ ಹಾಗೇ ಇದೆ.

ಅದು 1946ರ ಡಿಸೆಂಬರ್. ಅತ್ತಿಗುಂಡಿಯಿಂದ ಮೇಲೆ, ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಟೈಪಿಸ್ಟ್ ಕಮ್ ಸ್ಟೋರ್ಸ್ ಕ್ಲರ್ಕ್. ವಯಸ್ಸು ಇಪ್ಪತ್ತೆರಡು. ಅಪ್ಪ ಅದೇ ಆಫೀಸಿನಲ್ಲಿ ಹೆಡ್ ರೈಟರ್ ಆಗಿದ್ದರು. ಅವರ ಕಣ್ಣು ಮಂಜಾದ ಮೇಲೆ, ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷ್ ಮತ್ತು ಟೈಪಿಂಗ್ ನೋಡಿ ಸೂಪರಿಂಟೆಂಡೆಂಟ್ ದೊರೆ ನನ್ನನ್ನು ಸೇರಿಸಿಕೊಂಡರು. ಹೆಂಗಸು ಆಫೀಸಿನಲ್ಲಿ ಕೂರುವುದು ಆಗ ಹೊಸತು. ಆಳುಗಳು ನನಗೆ ಟೈಪಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು, ನನಗೂ ಬೇಸರವಿರಲಿಲ್ಲ.

ಯುದ್ಧ ಮುಗಿದು ಮಿಲಿಟರಿಯವರು ಮಾರಿದ ಸಾಮಾನಿನಲ್ಲಿ ನಮ್ಮ ಎಸ್ಟೇಟಿಗೆ ಒಂದು ಟ್ರಾಕ್ಟರ್ ಬಂದಿತ್ತು. ಉಳುವುದಕ್ಕಲ್ಲ, ಎಳೆಯುವುದಕ್ಕೆ. ಕೆಳಗೆ ಹಳ್ಳದ ಪಕ್ಕದ ಪಲ್ಪರ್ ಹೌಸಿನಲ್ಲಿ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಅದರ ಚೀಲಗಳನ್ನು ಟ್ರೈಲರಿಗೆ ಹೇರಿ, ಕಡಿದಾದ ಏರಿನಲ್ಲಿ ಎಳೆದು ಲಾರಿ ರೋಡಿಗೆ ಮುಟ್ಟಿಸಬೇಕು. ಅಲ್ಲಿಂದ ಲಾರಿ ಅದನ್ನು ಹೊಟ್ಟು ತೆಗೆದು ದರ್ಜೆ ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಒಯ್ಯುತ್ತಿತ್ತು.

ಟ್ರಾಕ್ಟರಿನ ಡ್ರೈವರ್ ವಸ್ತಾರೆಯ ರುದ್ರಯ್ಯ. ನಲವತ್ತರ ಆಸುಪಾಸು, ಮಾತು ಕಡಿಮೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಹಿಂದೆ ಬಸ್ ಓಡಿಸುತ್ತಿದ್ದಾಗ ಎಂಜಿನ್ನನ್ನು ಕೈಯಿಂದ ತಿರುಗಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಹಿಂದಕ್ಕೆ ಹೊಡೆದು ಅವನ ಬಲಗೈ ಮಣಿಕಟ್ಟು ಮುರಿದಿತ್ತು. ಕೂಡಿಕೊಂಡಿತ್ತು, ಆದರೆ ಬಲವಿರಲಿಲ್ಲ. ಸ್ಟಿಯರಿಂಗ್ ಹಿಡಿಯಲು ಸಾಕು, ಹ್ಯಾಂಡಲ್ ತಿರುಗಿಸಲು ಸಾಲದು. ಆದ್ದರಿಂದ ದೊರೆ ಅವನನ್ನು ಸೇರಿಸಿಕೊಳ್ಳುವಾಗಲೇ ಷರತ್ತು ಹಾಕಿದ್ದರು. ಸೆಲ್ಫ್ ಕೆಲಸ ಮಾಡುವ ತನಕ ರುದ್ರಯ್ಯ. ಹ್ಯಾಂಡಲ್ ಹಿಡಿಯುವ ಕಾಲ ಬಂದರೆ ಬೇರೆ ಡ್ರೈವರ್. ಕೆಲಸದ ಜೊತೆಗೆ ಆಳುಗಳ ಸಾಲುಮನೆಯ ಲೈನಿನಲ್ಲಿ ಮನೆ ಇತ್ತು, ಅವನ ಹೆಂಡತಿಗೆ ಹಣ್ಣು ಕೊಯ್ಲಿನ ಕೆಲಸವಿತ್ತು. ಎಲ್ಲವೂ ಸೆಲ್ಫಿಗೆ ಕರೆಂಟು ಕೊಡುವ, ಸೀಟಿನಡಿಯ ಕಪ್ಪು ಬ್ಯಾಟರಿ ಪೆಟ್ಟಿಗೆಯ ಮೇಲೆ ನಿಂತಿತ್ತು.

ಡಿಸೆಂಬರ್ ಮೊದಲ ವಾರ ಆ ಬ್ಯಾಟರಿ ಸತ್ತಿತು. ಹೊಸದು ಎಲ್ಲೂ ಸಿಗದ ಕಾಲ. ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಎರಡು ಹಳೆಯವು ಇವೆ ಎಂದು ಸುದ್ದಿ ಬಂತು. “ಯೂ ಡಿಡ್ ಸೈನ್ಸ್, ಡಿಡಂಟ್ ಯೂ?” ಎಂದು ದೊರೆ ನನ್ನನ್ನೇ ಆರಿಸಲು ಕಳಿಸಿದರು. ಸ್ಟೋರಿನಲ್ಲಿದ್ದ ಹೈಡ್ರೋಮೀಟರನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ರುದ್ರಯ್ಯನ ಜೊತೆ ಲಾರಿ ಹತ್ತಿದೆ.

ಹೈಡ್ರೋಮೀಟರ್ ಅಂದರೆ ತುದಿಗೆ ರಬ್ಬರ್ ಬುರುಡೆ ಇರುವ ಗಾಜಿನ ಕೊಳವೆ. ಬ್ಯಾಟರಿಯ ಆಸಿಡ್ ನೀರನ್ನು ಹೀರಿದರೆ ಒಳಗಿನ ತೇಲುಗಡ್ಡಿ ಅದರ ಸಾಂದ್ರತೆ ತೋರಿಸುತ್ತದೆ. 1.280 ಇದ್ದರೆ ಪೂರ್ತಿ ಚಾರ್ಜ್, 1.150ಕ್ಕೆ ಇಳಿದರೆ ಮುಗಿಯಿತು. ಆರು ವೋಲ್ಟಿನ ಬ್ಯಾಟರಿಯಲ್ಲಿ ಮೂರು ಸೆಲ್, ಅಂದರೆ ಮೂರು ಬೇರೆ ಬೇರೆ ಕೋಣೆ. ಒಂದೊಂದಕ್ಕೂ ಒಂದು ಮುಚ್ಚಳ. ರುದ್ರಯ್ಯ ಅವುಗಳಿಗೆ ಬಾಯಿ ಎನ್ನುತ್ತಿದ್ದ.

ವರ್ಕ್‌ಶಾಪಿನಲ್ಲಿದ್ದ ಒಂದು ಬ್ಯಾಟರಿ ಸ್ವಚ್ಛ, ಹೊಸತರ ಹಾಗೆ ಹೊಳೆಯುತ್ತಿತ್ತು. ಇನ್ನೊಂದರ ತಲೆಯ ತುಂಬ ಬಿಳಿ ಪುಡಿ, ಮೂಲೆಯಲ್ಲಿ ಮೇಲೆ ಬಳಿದ ಟಾರು ಬಿರುಕು ಬಿಟ್ಟಿತ್ತು. ಅಂಗಡಿಯವನು ಹೊಳೆಯುವುದರ ಒಂದು ಮುಚ್ಚಳ ತೆರೆದು ಕೊಟ್ಟ. ನಾನು ಕೊಳವೆ ಇಳಿಸಿದೆ. 1.275. ಪುಡಿ ಹಿಡಿದದ್ದರಲ್ಲೂ ಒಂದು ಬಾಯಿ ನೋಡಿದೆ. 1.240.

“ಇದನ್ನ ನಿನ್ನೆವರೆಗೂ ಬಸ್ಸಿನವ್ರು ದುಡಿಸಿದಾರೆ ಅಮ್ಮ,” ರುದ್ರಯ್ಯ ಪುಡಿ ಹಿಡಿದದ್ದನ್ನು ತೋರಿಸಿದ. “ಅದು ಎಷ್ಟು ದಿನದಿಂದ ಸುಮ್ನೆ ಕೂತಿದ್ಯೋ.”

“ರೀಡಿಂಗ್ ನೋಡಿದ್ಯಲ್ಲ ರುದ್ರಯ್ಯ.”

“ಉಳಿದೆರಡು ಬಾಯಿ ನೋಡ್ಲಿಲ್ವಲ್ಲ. ಲಾರಿಗೆ ಕಟ್ಟಿ ಆರು ಸಲ ಸೆಲ್ಫ್ ಹೊಡೆದ್ರೆ ಗೊತ್ತಾಗ್ತದೆ.”

“ಸ್ಯಾಂಪಲ್ ಅಂದ್ರೆ ಸ್ಯಾಂಪಲ್ಲು,” ಎಂದೆ ನಾನು.

ಇದು ಕಾಫಿಯವರಿಗೆ ಮಾತ್ರ ಬರುವ ಮಾತು. ಕ್ಯೂರಿಂಗ್ ವರ್ಕ್ಸಿನಲ್ಲಿ ಚೀಲಕ್ಕೆ ಒಂದು ಕಡೆ ಚೂಪು ಕೊಳವೆ ಚುಚ್ಚುತ್ತಾರೆ, ಬಂದ ಹಿಡಿ ಬೀಜ ನೋಡಿ ಇಡೀ ಚೀಲದ ದರ್ಜೆ ಹೇಳುತ್ತಾರೆ. ಅಪ್ಪ ಹಾಗೆ ನೋಡುವುದನ್ನು ನಾನು ಫ್ರಾಕ್ ಹಾಕುವ ವಯಸ್ಸಿನಿಂದ ನೋಡಿದವಳು. ಎರಡಕ್ಕೂ ಇಳಿಸುವುದು ಕೊಳವೆಯೇ ಆಗಿದ್ದರೂ ಬ್ಯಾಟರಿ ಚೀಲವಲ್ಲ ಎಂದು ನನಗೆ ಹೊಳೆಯಲಿಲ್ಲ. ಅಂಗಡಿಯವನು ಮೋಸ ಮಾಡಿದ ಎನ್ನಲಾರೆ. ನಾನು ಒಂದು ಬಾಯಿ ಕೇಳಿದೆ, ಅವನು ಒಂದು ಬಾಯಿ ತೆರೆದ. ರುದ್ರಯ್ಯ ಹೊಳೆಯುವ ಬ್ಯಾಟರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಘಾಟಿ ಹತ್ತಿದ.

ನಾಲ್ಕು ದಿನ ಟ್ರಾಕ್ಟರ್ ಚೆನ್ನಾಗಿ ಓಡಿತು. ನಾನು ಆಫೀಸಿನಲ್ಲಿ ಸ್ವಲ್ಪ ಬೀಗಿದೆ ಕೂಡ. ಐದನೆಯ ದಿನ ಬೆಳಿಗ್ಗೆ, ಚೀಲ ತುಂಬಿದ ಟ್ರೈಲರ್ ಎಳೆಯುತ್ತ ಏರಿನ ಅರ್ಧದಲ್ಲಿ ಎಂಜಿನ್ ಆಫ್ ಆಯಿತು. ಆಫೀಸಿನ ಕಿಟಕಿಗೇ ಕೇಳಿಸಿತು. ಉಂ... ಉಂ... ಟಕ್.

ನಾನು ಹೋಗುವಷ್ಟರಲ್ಲಿ ತಿಮ್ಮ ಮೇಸ್ತ್ರಿ ಆಳುಗಳ ಕೈಲಿ ಚಕ್ರಗಳಿಗೆ ಕಲ್ಲು ಕೊಡಿಸಿದ್ದ. ಮೇಲಿನ ತಿರುವಿನಿಂದ ದೊರೆಯ ಕುದುರೆ ಬರುವುದು ಕಾಣುತ್ತಿತ್ತು.

“ದೊರೆ ಬಂದ್ರು, ಬೇಗ ಏನಾದ್ರೂ ಮಾಡು ಮಾರಾಯ,” ಎಂದ ಮೇಸ್ತ್ರಿ. “ನಿನ್ನ ಬ್ಯಾಟರಿಗೆ ಒಂದ್ಲೋಟ ಕಾಫಿ ಕುಡಿಸು ಬೇಕಾದ್ರೆ.”

ಆಳುಗಳು ನಕ್ಕರು. ರುದ್ರಯ್ಯ ನಗಲಿಲ್ಲ. ಹ್ಯಾಂಡಲ್ ತೆಗೆದು ಎಂಜಿನ್ನಿನ ಮೂತಿಗೆ ಸಿಕ್ಕಿಸಿ, ಎಡಗೈಯಲ್ಲಿ ಹಿಡಿದ. ಬೇಡ ಎನ್ನಲು ನನಗೆ ಬಾಯಿ ಬರುವ ಮೊದಲೇ ತಿರುಗಿಸಿದ. ಎರಡನೆಯ ಸುತ್ತಿಗೆ ಅದು ಹಿಂದಕ್ಕೆ ಹೊಡೆಯಿತು. ಒಣ ಕಡ್ಡಿ ಮುರಿದಂತೆ ಕೇಳಿಸಿತು. ಅವನು ಕಲ್ಲಿನ ಮೇಲೆ ಕುಳಿತು, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡ.

ಅವನನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಮೂರೂ ಮುಚ್ಚಳ ತೆರೆದು ನೋಡಿದೆ. 1.240. 1.235. ನಡುವಿನದು 1.120. ಚೀಲದಲ್ಲಿ ಒಂದು ಹಿಡಿ ಕೆಟ್ಟ ಬೀಜವಿದ್ದರೆ ಉಳಿದದ್ದರಲ್ಲಿ ಬೆರೆತು ಹೋಗುತ್ತದೆ. ಬ್ಯಾಟರಿಯಲ್ಲಿ ಮೂರು ಸೆಲ್‌ಗಳೂ ಸರಪಳಿಯ ಕೊಂಡಿಯ ಹಾಗೆ. ಒಂದು ಸೋತರೆ ಭಾರ ಬಿದ್ದ ಗಳಿಗೆಯಲ್ಲಿ ಮೂರೂ ಸೋತ ಹಾಗೆ.

ಮತ್ತೆ ನಾಲ್ಕು ದಿನ ಹೇಗೆ ಓಡಿತು? ಮೇಸ್ತ್ರಿ ಹೇಳಿದ: “ಅವ್ನು ದಿನಾ ಸಂಜೆ ಇಳಿಜಾರಲ್ಲೇ ನಿಲ್ಲಿಸ್ತಿದ್ದ ಅಮ್ಮಾವ್ರೆ. ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡ್ತಿದ್ದ. ಯಾಕೋ ಅಂದ್ರೆ, ಟೈಪಮ್ಮನೋರು ಆರಿಸಿದ್ದು, ಹೆಸರು ಕೆಡೋದು ಬೇಡ ಅಂದ.”

ಆ ಮಧ್ಯಾಹ್ನ ದೊರೆ ನನಗೆ ರಿಪೋರ್ಟ್ ಡಿಕ್ಟೇಟ್ ಮಾಡಿದರು. ಬ್ಯಾಟರಿಯ ದೋಷ ಡ್ರೈವರಿಗೆ ಗೊತ್ತಿತ್ತು, ತಿಳಿಸದೆ ಮುಚ್ಚಿಟ್ಟ, ಆದ್ದರಿಂದ ಕೆಲಸದಿಂದ ಬಿಡಿಸಲಾಗಿದೆ, ಲೈನಿನ ಮನೆ ಖಾಲಿ ಮಾಡಬೇಕು. ಮುಚ್ಚಿಟ್ಟ ಎಂಬಲ್ಲಿಗೆ ನನ್ನ ಬೆರಳುಗಳು ನಿಂತವು. ಕಾನ್ವೆಂಟಿನಲ್ಲಿ ವಾರಕ್ಕೊಮ್ಮೆ ಎದ್ದು ನಿಂತು ತಪ್ಪು ಒಪ್ಪಿಕೊಳ್ಳುವ ಅಭ್ಯಾಸವಿತ್ತು. ಅಲ್ಲಿ ಹೇಳುತ್ತಿದ್ದದ್ದು ಪೆನ್ಸಿಲ್ ಕದ್ದದ್ದು, ಪ್ರೇಯರಿನಲ್ಲಿ ನಕ್ಕದ್ದು. ಇದಕ್ಕೆ ಆ ಅಭ್ಯಾಸ ಸಾಲಲಿಲ್ಲ, ಆದರೂ ಎದ್ದು ನಿಂತೆ.

“ಸರ್, ಐ ಟೆಸ್ಟೆಡ್ ಓನ್ಲಿ ಒನ್ ಸೆಲ್. ಮೂರೂ ನೋಡಿ ಅಂತ ಅವನು ಹೇಳಿದ್ದ.”

“ವೈ ಓನ್ಲಿ ಒನ್?”

“ಪಾರ್ಚ್‌ಮೆಂಟ್ ಸ್ಯಾಂಪಲ್ ಹಾಗೆ ಅಂದುಕೊಂಡೆ, ಸರ್.”

ಅವರು ಪೈಪನ್ನು ಕಿಟಕಿಯ ಕಟ್ಟೆಗೆ ಕುಟ್ಟಿ ಖಾಲಿ ಮಾಡಿದರು. ಆಮೇಲೆ, “ದೆನ್ ಟೈಪ್ ದಟ್,” ಎಂದು ಹೊರಗೆ ಹೋದರು. ನಾನು ಹೊಸ ಕಾಗದ ಹಾಕಿ ನನ್ನ ಹೆಸರಿನಲ್ಲೇ ಟೈಪ್ ಮಾಡಿದೆ. ಆ ವರ್ಷ ನನಗೆ ಪ್ರಮೋಷನ್ ಬರಲಿಲ್ಲ. ರುದ್ರಯ್ಯನ ಮನೆ ಉಳಿಯಿತು.

ಮುಂದಿನ ವಾರ ಮತ್ತೆ ಹೋಗಿ ಆ ಪುಡಿ ಹಿಡಿದ ಬ್ಯಾಟರಿಯನ್ನೇ ತಂದೆ. ಮೂರೂ ಬಾಯಿ ನೋಡಿದೆ. 1.240, 1.240, 1.235. ಲಾರಿಗೆ ಕಟ್ಟಿಸಿ ಆರು ಸಲ ಸೆಲ್ಫ್ ಹೊಡೆಸಿದೆ. ಅದು ನಾನು ಕೆಲಸ ಬಿಡುವ ತನಕ ದುಡಿಯಿತು. ಬೇರೆ ಡ್ರೈವರ್ ಬಂದ. ರುದ್ರಯ್ಯನ ಎಡಗೈ ಪೂರ್ತಿ ಮಡಚಲು ಬರದೆ ಉಳಿಯಿತು. ದೊರೆ ಅವನನ್ನು ಪಲ್ಪರ್ ಹೌಸಿನ ಎಂಜಿನ್ ನೋಡಿಕೊಳ್ಳಲು ಹಾಕಿದರು.

ಆಮೇಲೆ ಬೇರೆ ಬೇರೆ ಆಫೀಸುಗಳಲ್ಲಿ ಮೂವತ್ತು ವರ್ಷ ಸ್ಟೋರ್ಸ್ ನೋಡಿಕೊಂಡೆ. ಪಂಪು, ಬೆಲ್ಟು, ಟೈಪ್‌ರೈಟರು, ಎಷ್ಟೋ ಆರಿಸಿದೆ. ಸುಮ್ಮನೆ ಕೂತ ವಸ್ತುವನ್ನು ಅಳೆದು ನಂಬಲಿಲ್ಲ. ಭಾರ ಹೊರಿಸಿ ನೋಡಿದೆ, ಅದನ್ನು ದುಡಿಸುವವನನ್ನು ಮೊದಲು ಕೇಳಿದೆ. ನನಗೆ ಆ ಕೆಲಸ ಕಲಿಸಿದ್ದು ಇಷ್ಟೇ. ಇದಕ್ಕೆ ಬೆಲೆ ಕೊಟ್ಟದ್ದು ನಾನಲ್ಲ.

ಮದುವೆಯಾಗಿ ಎಸ್ಟೇಟ್ ಬಿಡುವ ದಿನ ರುದ್ರಯ್ಯ ಅತ್ತಿಗುಂಡಿಯವರೆಗೆ ನನ್ನ ಟ್ರಂಕ್ ಹೊರಿಸಿಕೊಂಡು ಬಂದ. ನಾನು ಅವನ ಕೈ ನೋಡುತ್ತಿದ್ದೆನೇನೋ, ಅದನ್ನು ಶಾಲಿನೊಳಗೆ ಎಳೆದುಕೊಂಡ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅಷ್ಟರಲ್ಲಿ ಬಸ್ಸಿನ ಡ್ರೈವರ್ ಸೆಲ್ಫ್ ಒತ್ತಿದ. ರುದ್ರಯ್ಯ ತಲೆ ಒಂದು ಕಡೆಗೆ ವಾಲಿಸಿ ಕೇಳಿದ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು.

“ಎಲ್ಲಾ ಬಾಯೂ ಸರಿ ಇದೆ ಅಮ್ಮ,” ಎಂದ. “ಹೋಗಿ ಬನ್ನಿ.”

ತಿರುವಿನಲ್ಲಿ ಹಿಂದೆ ನೋಡಿದಾಗ ಅವನು ಅಲ್ಲೇ ನಿಂತಿದ್ದ. ಇನ್ನೂ ಕೇಳುತ್ತಿದ್ದ.